ತೂತಿನ ಪೈಪಿಗೆ ಪೂರ್ಣ ಅಂಕ, ಪೈಪು ತಂದುಕೊಟ್ಟ ಕಂಪನಿಗೆ ಅರ್ಧ

ಭತ್ತದ ಗದ್ದೆಯಲ್ಲಿ ಹೂಳಿ ನೀರಿನ ಮಟ್ಟ ನೋಡುವ ತೂತಿನ ಪೈಪು, ಅದರ ಬೆನ್ನಿಗೇ ಬರುವ ಕಾರ್ಬನ್ ಕ್ರೆಡಿಟ್ ಸೇವೆ (ಗದ್ದೆಯಿಂದ ಹೊರಡುವ ಮೀಥೇನ್ ಅನಿಲ ಎಷ್ಟು ಕಡಿಮೆಯಾಯಿತು ಎಂದು ಲೆಕ್ಕ ಹಾಕಿ, ಆ ಲೆಕ್ಕವನ್ನು ಮಾರಿ, ರೈತನಿಗೆ ಒಂದು ಪಾಲು ಕೊಡುವ ವ್ಯವಹಾರ), ಇವೆರಡನ್ನೂ ನಾವು ಮುಂಗಾರು ಮತ್ತು ಬೇಸಿಗೆ ಬೆಳೆಗಳಲ್ಲಿ ಬಳಸಿ ನೋಡಿದ್ದೇವೆ. ನಮ್ಮ ಸುತ್ತಿನ ಊರುಗಳಿಗೆ ಇಂಥ ಕಂಪನಿಯ ಹುಡುಗರು ಬೈಕಿನಲ್ಲಿ ಬರುತ್ತಾರೆ, ಪಹಣಿ ಕೇಳುತ್ತಾರೆ, ಸಹಿ ಹಾಕಿಸಿಕೊಳ್ಳುತ್ತಾರೆ, ಪೈಪು ಕೊಟ್ಟು ಹೋಗುತ್ತಾರೆ. ಸಹಿ ಹಾಕುವ ಮೊದಲು ನಾಲ್ಕು ಜನ ಓದಿಕೊಳ್ಳಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹಾಕುವುದಿಲ್ಲ. ನನ್ನ ಮಾತು ಒಂದು ಕಂಪನಿಯ ಮೇಲಲ್ಲ, ಈ ಸೇವೆ ನಡೆಯುವ ರೀತಿಯ ಮೇಲೆ.

ನಮ್ಮದು ಮದ್ದೂರು ತಾಲ್ಲೂಕು, ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗ. ಕನ್ನಂಬಾಡಿ ತುಂಬಿದ ವರ್ಷ ಕಟ್ಟು ಪದ್ಧತಿಯಲ್ಲಿ ನೀರು ಬರುತ್ತದೆ: ಕೆಲವು ದಿನ ಹರಿಯುತ್ತದೆ, ಕೆಲವು ದಿನ ನಿಲ್ಲುತ್ತದೆ. 2023ರಂಥ ಬರದ ವರ್ಷದಲ್ಲಿ ಅದೂ ಇಲ್ಲ. ಒಂದು ತುಂಡು ಗದ್ದೆಗೆ ಕೊಳವೆಬಾವಿಯ ಆಸರೆ ಇದೆ, ಇನ್ನೊಂದು ಪೂರ್ತಿ ನಾಲೆಯನ್ನೇ ನಂಬಿದೆ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ. ಪೈಪು ನಿಮಗೆ ಕೆಲಸಕ್ಕೆ ಬರುತ್ತದೋ ಇಲ್ಲವೋ ಎನ್ನುವುದು ಮುಕ್ಕಾಲು ಪಾಲು ಇದರ ಮೇಲೆಯೇ ನಿಂತಿದೆ.

ಮೊದಲು ಪೈಪಿನ ಬಗ್ಗೆ. ನಾಲ್ಕು ಇಂಚು ಅಗಲದ, ಒಂದಡಿ ಉದ್ದದ ಪಿವಿಸಿ ತುಂಡು, ಅಷ್ಟೇ. ಕೆಳಗಿನ ಎಂಟು ಇಂಚಿನವರೆಗೆ ಸುತ್ತಲೂ ಸಣ್ಣ ಸಣ್ಣ ತೂತುಗಳು, ಮೇಲಿನ ನಾಲ್ಕು ಇಂಚು ಸಾದಾ. ತೂತಿನ ಭಾಗ ಮಣ್ಣಿನೊಳಗೆ ಹೋಗುವಂತೆ, ಸಾದಾ ಭಾಗ ಮೇಲೆ ಕಾಣುವಂತೆ ಗದ್ದೆಯಲ್ಲಿ ಒತ್ತಬೇಕು. ಆಮೇಲೆ ಒಳಗೆ ಸಿಕ್ಕಿಕೊಂಡ ಕೆಸರನ್ನೆಲ್ಲ ಕೈಯಿಂದ ತೋಡಿ ತೆಗೆದು ತಳ ಕಾಣಿಸುವಂತೆ ಮಾಡಬೇಕು. ತೂತುಗಳಿಂದ ನೀರು ಒಳಗೆ ಬಂದು, ಹೊರಗಿನ ನೀರಿನ ಮಟ್ಟಕ್ಕೆ ಸಮನಾಗಿ ನಿಲ್ಲುತ್ತದೆ. ಸಮನಾಗದಿದ್ದರೆ ತೂತು ಕಟ್ಟಿದೆ ಎಂದು ಅರ್ಥ, ತೆಗೆದು ತೊಳೆದು ಮತ್ತೆ ಇಡಬೇಕು. ನಮ್ಮ ಎರೆ ಬೆರೆತ ಮಣ್ಣಿಗೆ ಹಳೆಯ ಸೀರೆಯ ತುಂಡೊಂದನ್ನು ಕೆಳಭಾಗಕ್ಕೆ ಸುತ್ತಿದರೆ ತೂತು ಕಟ್ಟುವುದು ಕಡಿಮೆಯಾಗುತ್ತದೆ. ಕಂಪನಿಯ ಕರಪತ್ರದಲ್ಲಿ ಈ ವಿಷಯ ಇರಲಿಲ್ಲ.

ಎಲ್ಲಿ ಇಡಬೇಕು ಎನ್ನುವುದು ಮುಖ್ಯ. ಬದುವಿನ ಪಕ್ಕದಲ್ಲೇ ಇಟ್ಟರೆ ಏಡಿ ತೋಡಿದ ಬಿಲದಿಂದ ನೀರು ಸೋರಿ ಮಟ್ಟ ಬೇಗ ಇಳಿದಂತೆ ಕಾಣುತ್ತದೆ. ತಗ್ಗಿನಲ್ಲಿ ಇಟ್ಟರೆ ಗದ್ದೆಯ ಉಳಿದ ಭಾಗ ಬಿರಿದಿದ್ದರೂ ಪೈಪಿನಲ್ಲಿ ನೀರು ನಿಂತಿರುತ್ತದೆ. ಬದುವಿನಿಂದ ಎರಡು ಹೆಜ್ಜೆ ಒಳಗೆ, ಗದ್ದೆಯ ಸರಾಸರಿ ಮಟ್ಟ ಇರುವ ಕಡೆ ಇಡಿ. ಗದ್ದೆ ಮಟ್ಟವಾಗಿಲ್ಲದಿದ್ದರೆ ಈ ಪೈಪು ಹೇಳುವುದನ್ನು ನಂಬುವ ಹಾಗಿಲ್ಲ. ನಾಟಿಗೆ ಮೊದಲು ಹಲಗೆ ಹೊಡೆಸುವ ಖರ್ಚಿನಲ್ಲಿ ಜಿಪುಣತನ ಮಾಡಬೇಡಿ.

ನಿಯಮ ಸರಳ. ನಾಟಿಯಾಗಿ ಎರಡು ವಾರ ಮಾಮೂಲಿನಂತೆ ನೀರು ನಿಲ್ಲಿಸಬೇಕು. ಆಗ ಬಿಟ್ಟುಕೊಟ್ಟರೆ ಕಳೆ ಮೇಲೇಳುತ್ತದೆ, ಆಮೇಲೆ ಕೀಳುವ ಕೂಲಿಗೆ ದುಡ್ಡು ಸಾಲುವುದಿಲ್ಲ. ಎರಡು ವಾರ ಕಳೆದ ಮೇಲೆ ನೀರನ್ನು ತಾನಾಗಿ ಇಂಗಲು ಬಿಡಬೇಕು. ಪೈಪಿನೊಳಗೆ ನೀರು ಮಣ್ಣಿನ ಮಟ್ಟದಿಂದ ಆರು ಇಂಚು, ಅಂದರೆ 15 ಸೆಂಟಿಮೀಟರ್ ಕೆಳಕ್ಕೆ ಇಳಿದಾಗ ಎರಡು ಇಂಚು ನೀರು ಕಟ್ಟಬೇಕು. ಮತ್ತೆ ಇಳಿಯಲು ಬಿಡಬೇಕು. ತೆನೆ ಹೊರಬಂದು ಹೂ ಬಿಡುವ ಹೊತ್ತಿನಲ್ಲಿ ಮಾತ್ರ, ಅದಕ್ಕೆ ಒಂದು ವಾರ ಹಿಂದಿನಿಂದ ಒಂದು ವಾರ ಮುಂದಿನವರೆಗೆ, ನೀರು ನಿಂತೇ ಇರಬೇಕು. ಆಗ ಒಣಗಿಸಿದರೆ ಜೊಳ್ಳು ಖಚಿತ. ಈ 15 ಸೆಂಟಿಮೀಟರ್ ಲೆಕ್ಕ ಫಿಲಿಪ್ಪೀನ್ಸಿನ ಲಾಸ್ ಬಾನ್ಯೋಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯದು. ಐಆರ್ 8, ಐಆರ್ 64 ತಳಿಗಳನ್ನು ಕೊಟ್ಟ ಸಂಸ್ಥೆಯೇ ಅದು. ಅಷ್ಟು ಆಳದವರೆಗೆ ಇಳಿದರೂ ಬೇರಿಗೆ ತೇವ ಸಿಗುತ್ತದೆ, ಇಳುವರಿ ಕೆಡುವುದಿಲ್ಲ ಎಂದು ಅವರು ನೋಡಿ ಹೇಳಿದ ಮಿತಿ.

ನಮ್ಮ ಅತ್ತೆಯವರಿಗೆ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. ನೀರು ನಿಲ್ಲದ ಮೇಲೆ ಅದು ಗದ್ದೆ ಹೇಗಾಗುತ್ತದೆ, ಹೊಲವೇ ಆಯಿತಲ್ಲ ಎಂದು ಕೇಳಿದರು. ಮೇಲೆ ಮಣ್ಣು ಬಿಳಿಚಿಕೊಂಡು ಕೂದಲೆಳೆಯ ಬಿರುಕು ಕಾಣಿಸಿದ ದಿನ ಯಜಮಾನರೂ ಮೋಟಾರು ಹಾಕಲು ಹೊರಟಿದ್ದರು. ಪೈಪಿನೊಳಗೆ ಕಡ್ಡಿ ಇಳಿಸಿ ನೋಡಿದರೆ ನೀರು ಇನ್ನೂ ಮಣ್ಣಿನ ಮಟ್ಟದಿಂದ ನಾಲ್ಕು ಇಂಚು ಕೆಳಗಷ್ಟೇ ಇತ್ತು. ಆ ಪೈಪಿನ ಬೆಲೆಯೆಲ್ಲಾ ಇರುವುದು ಇಲ್ಲಿ. ಮೇಲೆ ಒಣಗಿದಂತೆ ಕಾಣುವ ಗದ್ದೆಯ ಕೆಳಗೆ ಎಷ್ಟು ನೀರಿದೆ ಎಂದು ಕಣ್ಣಿಗೆ ತೋರಿಸುವ ಬೇರೆ ಸಾಧನ ನಮ್ಮಲ್ಲಿ ಇರಲಿಲ್ಲ. ಅಂದಾಜಿನಲ್ಲಿ ಮಾಡುತ್ತಿದ್ದೆವು, ಅಂದಾಜು ಎಂದಾಗ ಎಲ್ಲರೂ ಹೆಚ್ಚೇ ನೀರು ಕಟ್ಟುತ್ತೇವೆ.

ಇನ್ನು ಮೀಥೇನ್. ಕಂಪನಿಯ ಹುಡುಗ ಬಂದಾಗ ನಿಮ್ಮ ಗದ್ದೆಯಿಂದ ಹವೆ ಬಿಸಿಯಾಗುವ ಅನಿಲ ಹೊರಡುತ್ತಿದೆ ಎಂದಷ್ಟೇ ಹೇಳಿದ. ಹೇಗೆ ಎಂದು ಕೇಳಿದರೆ ಅವನ ಬಳಿ ಉತ್ತರವಿರಲಿಲ್ಲ. ಮಗಳು ಕೃಷಿ ಪದವಿ ಓದುತ್ತಾಳೆ, ಅವಳು ಗದ್ದೆಗೆ ಇಳಿಸಿ ತೋರಿಸಿದಳು.

ವಾರಗಟ್ಟಲೆ ನೀರು ನಿಂತ ಗದ್ದೆಯಲ್ಲಿ ಕಾಲಿಟ್ಟರೆ ಹಿಮ್ಮಡಿಯ ಪಕ್ಕದಿಂದ ಬುಳುಬುಳು ಗುಳ್ಳೆ ಏಳುತ್ತದಲ್ಲ, ಅದರಲ್ಲಿ ಮೀಥೇನ್ ಇರುತ್ತದೆ. ಗೋಬರ್ ಗ್ಯಾಸಿನ ಒಲೆಯಲ್ಲಿ ಉರಿಯುವುದೂ ಇದೇ ಅನಿಲ. ಕೆಸರಿನಿಂದ ಬರುವ ಕೊಳೆತ ಮೊಟ್ಟೆಯ ವಾಸನೆ ಅದರದಲ್ಲ, ಅದು ಗಂಧಕದ ಅನಿಲದ್ದು. ಮೀಥೇನ್‌ಗೆ ವಾಸನೆಯೇ ಇಲ್ಲ, ಬಣ್ಣವೂ ಇಲ್ಲ. ನಿಂತ ನೀರು ಮಣ್ಣಿಗೆ ಗಾಳಿ ಹೋಗದಂತೆ ಮುಚ್ಚಿಬಿಡುತ್ತದೆ. ಒಳಗಿದ್ದ ಆಮ್ಲಜನಕವನ್ನು ಸೂಕ್ಷ್ಮಜೀವಿಗಳು ಒಂದೆರಡು ದಿನದಲ್ಲೇ ಮುಗಿಸುತ್ತವೆ. ಆಮೇಲೆ ನೈಟ್ರೇಟ್, ಮ್ಯಾಂಗನೀಸ್, ಕಬ್ಬಿಣ, ಸಲ್ಫೇಟ್ ಎಂದು ಒಂದೊಂದಾಗಿ ಬಳಸಿಕೊಳ್ಳುತ್ತಾ ಹೋಗುತ್ತವೆ. ಅವೆಲ್ಲ ತೀರಿದ ಮೇಲೆ, ಗಾಳಿ ಕಂಡರಾಗದ ಆರ್ಕಿಯಾ ಎಂಬ ಜೀವಿಗಳ ಸರದಿ. ಅವು ಕೂಳೆ, ಹುಲ್ಲು, ಬೇರಿನ ಕೊಳೆತದಿಂದ ಮೀಥೇನ್ ಮಾಡುತ್ತವೆ.

ನನಗೆ ಅತಿ ಆಶ್ಚರ್ಯ ತಂದದ್ದು ಬೇರೆ. ಗುಳ್ಳೆಯಾಗಿ ಮೇಲೇಳುವುದು ಸ್ವಲ್ಪ ಮಾತ್ರ. ನಿಂತ ನೀರಿನ ಗದ್ದೆಯಿಂದ ಹೊರಬೀಳುವ ಮೀಥೇನ್‌ನಲ್ಲಿ ನೂರಕ್ಕೆ ಸುಮಾರು 90 ಭಾಗ ಭತ್ತದ ಪೈರಿನ ಒಳಗಿಂದಲೇ ಹೋಗುತ್ತದೆ. ಭತ್ತದ ದಂಟಿನಲ್ಲಿ ಪೊಳ್ಳು ಹಾದಿಗಳಿವೆ. ಕೆಸರಿನಲ್ಲಿ ಮುಳುಗಿದ ಬೇರಿಗೆ ಉಸಿರು ಕೊಡಲು ಗಿಡ ಮಾಡಿಕೊಂಡ ಹಾದಿ ಅದು. ಗಾಳಿ ಕೆಳಗಿಳಿಯುವ ಅದೇ ಹಾದಿಯಲ್ಲಿ ಮೀಥೇನ್ ಮೇಲೇರಿ ಹೋಗುತ್ತದೆ, ಮನೆಯ ಹೊಗೆಗೂಡಿನಲ್ಲಿ ಹೊಗೆ ಹೋದ ಹಾಗೆ.

ಮಗಳು ಎರಡು ಬುಡಗಳನ್ನು ಕಿತ್ತು ಪಕ್ಕಪಕ್ಕ ಇಟ್ಟು ತೊಳೆದಳು. ನಾಲೆ ನೀರು ಒಂದೇ ಸಮನೆ ನಿಂತಿದ್ದ ತುಂಡಿನ ಬುಡದಲ್ಲಿ ಬೇರುಗಳು ಅಲ್ಲಲ್ಲಿ ಕಪ್ಪಾಗಿದ್ದವು, ಮೂಗಿಗೆ ಹಿಡಿದರೆ ನಾತ. ಪೈಪು ನೋಡಿ ಗದ್ದೆ ಆರಿಸಿ, ಅಂದರೆ ಒಣಗಲು ಬಿಟ್ಟು, ಆಮೇಲೆ ನೀರು ಕಟ್ಟಿದ ತುಂಡಿನ ಬೇರುಗಳು ತುಕ್ಕಿನ ಬಣ್ಣಕ್ಕಿದ್ದವು, ಬಿಳಿಯ ಹೊಸ ಬೇರುಗಳೂ ಇದ್ದವು. ತುಕ್ಕಿನ ಬಣ್ಣ ಎಂದರೆ ನಿಜವಾಗಿಯೂ ತುಕ್ಕೇ: ಗಾಳಿ ತಾಗಿದ ಕಬ್ಬಿಣದ ಲೇಪ. ಕಪ್ಪು ಎಂದರೆ ಗಾಳಿ ಸಿಗದೆ ಗಂಧಕದೊಂದಿಗೆ ಸೇರಿದ ಕಬ್ಬಿಣ. ಗದ್ದೆ ಆರಿದಾಗಲೆಲ್ಲ ಮಣ್ಣಿನ ಕಬ್ಬಿಣ ಮತ್ತೆ ತುಕ್ಕಾಗುತ್ತದೆ. ನೀರು ಕಟ್ಟಿದ ಮೇಲೆ ಸೂಕ್ಷ್ಮಜೀವಿಗಳು ಮೊದಲು ಅದನ್ನು ಮುಗಿಸಬೇಕು, ಮೀಥೇನಿನ ಸರದಿ ಅಷ್ಟು ಹಿಂದಕ್ಕೆ ಹೋಗುತ್ತದೆ. ಒಂದು ಬುಡ ಕಿತ್ತು ತೊಳೆದು ನೋಡಿದರೆ ಯಾವ ಕರಪತ್ರವೂ ಬೇಕಾಗುವುದಿಲ್ಲ. ನೀವೂ ನೋಡಿ.

ಎಷ್ಟು ಕಡಿಮೆಯಾಗುತ್ತದೆ? ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ, ಅಂದರೆ ಐಪಿಸಿಸಿ, ಲೆಕ್ಕಕ್ಕೆಂದು ಗುಣಕಗಳನ್ನು ಕೊಟ್ಟಿದೆ. ಸದಾ ನೀರು ನಿಂತ ಗದ್ದೆಗೆ 1 ಎಂದು ಇಟ್ಟರೆ, ಬೆಳೆಯ ನಡುವೆ ಒಂದು ಸಲ ಆರಿಸಿದ ಗದ್ದೆಗೆ 2019ರ ಪರಿಷ್ಕೃತ ಪಟ್ಟಿಯಲ್ಲಿ 0.71, ಹಲವು ಸಲ ಆರಿಸಿದರೆ 0.55. ಒಂದೇ ಒಂದು ಸಲ ಆರಿಸಿದರೂ ಕಾಲು ಭಾಗಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ ಎನ್ನುವುದು ನಾಲೆಯ ಕೊನೆಯವರಿಗೆ ಸಮಾಧಾನದ ಮಾತು. ಮೀಥೇನ್ ಗಾಳಿಯಲ್ಲಿ ಸುಮಾರು 12 ವರ್ಷ ಮಾತ್ರ ಉಳಿಯುತ್ತದೆ, ಆದರೆ ಇದ್ದಷ್ಟು ಕಾಲ ಬಿರುಸು: ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು, ಇಪ್ಪತ್ತು ವರ್ಷದ ಲೆಕ್ಕದಲ್ಲಿ 80 ಪಟ್ಟು. ಇವತ್ತು ಕಡಿಮೆ ಮಾಡಿದರೆ ನಮ್ಮ ಮಕ್ಕಳ ಕಾಲಕ್ಕೇ ಅದರ ಫಲ ಸಿಗುತ್ತದೆ ಎನ್ನುವುದು ಈ ಲೆಕ್ಕದ ಅರ್ಥ.

ಬೆಳೆಯಲ್ಲಿ ನಾವು ಕಂಡದ್ದನ್ನು ಹೇಳುತ್ತೇನೆ. ಇಳುವರಿ ಹೆಚ್ಚಾಯಿತು ಎಂದು ಕಂಪನಿಯವರು ಹೇಳಿಕೊಳ್ಳುತ್ತಾರೆ, ನಮಗೆ ಹಾಗೆ ಅನ್ನಿಸಲಿಲ್ಲ. ಕಡಿಮೆಯೂ ಆಗಲಿಲ್ಲ. ತೆಂಡೆ ಚೆನ್ನಾಗಿ ಒಡೆದವು, ದಂಟು ಗಟ್ಟಿಯಾಗಿ, ಕೊಯ್ಲಿನ ಹೊತ್ತಿಗೆ ಬಂದ ಮಳೆಗೆ ಪಕ್ಕದ ತುಂಡಿನಷ್ಟು ಮಲಗಲಿಲ್ಲ. ಕೊಳವೆಬಾವಿ ತುಂಡಿನಲ್ಲಿ ಮೋಟಾರು ಓಡಿಸುವುದು ಕಣ್ಣಿಗೆ ಕಾಣುವಷ್ಟು ಇಳಿಯಿತು. ಬೇಸಿಗೆಯಲ್ಲಿ ತ್ರೀ ಫೇಸ್ ಕೊಡುವ ಕೆಲವೇ ಗಂಟೆಗಳಲ್ಲಿ ಭತ್ತಕ್ಕೂ ಬಿಟ್ಟು ಪಕ್ಕದ ಕಬ್ಬಿಗೂ ನೀರು ಹರಿಸಲು ಸಾಧ್ಯವಾದದ್ದೇ ನಮಗೆ ಸಿಕ್ಕ ನಿಜವಾದ ಲಾಭ. ಹಣದ ಉಳಿತಾಯವೇನೂ ಇಲ್ಲ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ನಾಲೆ ನೀರಿನ ಕರ ಎಕರೆ ಲೆಕ್ಕದ್ದು, ಎಷ್ಟು ನೀರು ಕಟ್ಟಿದರೂ ಅಷ್ಟೇ. ನೀರು ಉಳಿಸಿದ ರೈತನಿಗೆ ಕೈಯಲ್ಲಿ ಒಂದು ರೂಪಾಯಿಯೂ ಉಳಿಯದ ವ್ಯವಸ್ಥೆಯಲ್ಲಿ ಯಾರಾದರೂ ಯಾಕೆ ಉಳಿಸಬೇಕು? ಕಾರ್ಬನ್ ದುಡ್ಡಿನ ಮಾತಿಗೆ ಜನ ಕಿವಿಗೊಡುವುದು ಇದಕ್ಕೇ, ಅದರಲ್ಲಿ ತಪ್ಪೇನೂ ಇಲ್ಲ.

ತೊಂದರೆಗಳೂ ಇವೆ. ಆರಿದ ಗದ್ದೆಯಲ್ಲಿ ಕಳೆ ಜಾಸ್ತಿ, ಇಲಿಯೂ ಧೈರ್ಯವಾಗಿ ಓಡಾಡುತ್ತದೆ. ಯೂರಿಯಾ ಹಾಕುವ ಸಮಯವನ್ನು ಎಚ್ಚರದಿಂದ ನೋಡಬೇಕು. ಗದ್ದೆ ಆರಿದಾಗ ಹಾಕಿ, ಕೂಡಲೇ ನೀರು ಕಟ್ಟಿದರೆ ಗೊಬ್ಬರ ನೀರಿನೊಂದಿಗೆ ಬೇರಿನ ಬಳಿ ಇಳಿಯುತ್ತದೆ. ಹಾಕಿ ಬಿಟ್ಟು, ಆರಿಸಿ, ನೆನೆಸಿ, ಮತ್ತೆ ಆರಿಸುತ್ತಾ ಹೋದರೆ ಸಾರಜನಕ ನೈಟ್ರಸ್ ಆಕ್ಸೈಡಾಗಿ ಗಾಳಿಗೆ ಹೋಗುತ್ತದೆ. ಅದು ಮೀಥೇನಿಗಿಂತಲೂ ಕೆಟ್ಟದ್ದು, ನೂರು ವರ್ಷದ ಲೆಕ್ಕದಲ್ಲಿ 273 ಪಟ್ಟು. ಕೈಗೆ ಬಂದಷ್ಟು ಯೂರಿಯಾ ಎರಚುವವರ ಗದ್ದೆಯಲ್ಲಿ ಮೀಥೇನ್ ಉಳಿಸಿದ ಲಾಭದಲ್ಲಿ ಒಂದಿಷ್ಟು ಈ ದಾರಿಯಲ್ಲಿ ಸೋರಿಹೋಗುತ್ತದೆ. ಗದ್ದೆ ಆರಿಸಿ ಎಂದು ಹೇಳುವವರು ಯೂರಿಯಾ ಎಷ್ಟು, ಯಾವಾಗ ಎಂದೂ ಹೇಳಬೇಕು. ನಮಗೆ ಹೇಳಲಿಲ್ಲ.

ಈಗ ಸೇವೆಯ ವಿಚಾರ.

ಒಪ್ಪಂದ ಪತ್ರ ಇಂಗ್ಲಿಷಿನಲ್ಲಿತ್ತು, ಹಲವು ಪುಟ. ಕನ್ನಡದಲ್ಲಿ ಕೊಡಿ ಎಂದರೆ ಮೊಬೈಲಿನಲ್ಲಿ ಒಂದು ಪುಟದ ಸಾರಾಂಶ ಬಂತು. ಮಗಳು ಮೂಲವನ್ನು ಓದಿ ಹೇಳಿದ್ದರಲ್ಲಿ ಸಾರಾಂಶದಲ್ಲಿ ಇಲ್ಲದ ಎರಡು ಮಾತುಗಳಿದ್ದವು: ನಮ್ಮ ಗದ್ದೆಯಿಂದ ಹುಟ್ಟುವ ಕ್ರೆಡಿಟ್ಟಿನ ಹಕ್ಕು ಕಂಪನಿಯದು, ಮತ್ತು ಒಪ್ಪಂದ ಹಲವು ವರ್ಷಗಳದು. ಇದು ಮೋಸ ಎಂದು ನಾನು ಹೇಳುವುದಿಲ್ಲ, ಹಕ್ಕನ್ನು ಅವರಿಗೆ ವರ್ಗಾಯಿಸದೆ ಅವರು ಮಾರಲಾರರು. ಆದರೆ ರೈತನಿಗೆ ಅವನ ಭಾಷೆಯಲ್ಲಿ ಅದನ್ನು ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಸರಿಯಲ್ಲ. ನಮ್ಮ ಬೀದಿಯಲ್ಲೇ ಪತ್ರದಲ್ಲಿ ಏನಿದೆ ಎಂದು ತಿಳಿಯದೆ ಸಹಿ ಹಾಕಿದವರಿದ್ದಾರೆ.

ಆ್ಯಪ್ ಇದೆ. ಪೈಪಿನ ಫೋಟೋ ತೆಗೆದು ಹಾಕಬೇಕು. ನೀರು ಇಳಿದಾಗ ಒಂದು, ಕಟ್ಟಿದಾಗ ಒಂದು. ಫೋಟೋ ತೆಗೆದ ಜಾಗ, ಸಮಯ ತಾನಾಗಿ ದಾಖಲಾಗುತ್ತದೆ, ಅದು ಒಳ್ಳೆಯ ವ್ಯವಸ್ಥೆ. ಆದರೆ ಗದ್ದೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಫೋಟೋ ಹೋಗುವುದಿಲ್ಲ, ಮನೆಗೆ ಬಂದು ಹಾಕಿದರೆ ಜಾಗ ತಪ್ಪಾಗಿದೆ ಎಂದು ತಿರಸ್ಕರಿಸುತ್ತದೆ. ಮೊದಲ ಬೆಳೆಯಲ್ಲಿ ಬರುತ್ತಿದ್ದ ಹುಡುಗ ವಿಷಯ ಗೊತ್ತಿಲ್ಲದಿದ್ದರೂ ಫೋನ್ ಎತ್ತುತ್ತಿದ್ದ. ಅವನ ಜಾಗಕ್ಕೆ ಬಂದವನು ಎತ್ತುತ್ತಿರಲಿಲ್ಲ.

ನನಗೆ ಸಿಟ್ಟು ಬಂದ ಘಟನೆ ಇದು. ನಾಲೆಯಲ್ಲಿ ನಮ್ಮ ಸರದಿಯ ನೀರು ಬಂದಿತ್ತು, ಮೇಲಿಂದ ಮಳೆಯೂ ಹಿಡಿದಿತ್ತು. ಆ್ಯಪಿನ ವೇಳಾಪಟ್ಟಿಯ ಪ್ರಕಾರ ಆ ವಾರ ಗದ್ದೆ ಆರಿರಬೇಕು. ಹೊಸ ಹುಡುಗ ಬಂದು, "ಅಕ್ಕಾ, ಪೈಪು ಕಿತ್ತು ಬದುವಿನ ಪಕ್ಕ ಎತ್ತರದಲ್ಲಿ ಇಟ್ಟು ಒಂದು ಫೋಟೋ ತೆಗೆಯೋಣ, ನೀರು ಕಾಣದಿದ್ದರೆ ಸಾಕು" ಎಂದ. ನಾನು ಒಪ್ಪಲಿಲ್ಲ. ಅವನ ಮೇಲೆ ಎಷ್ಟು ಗದ್ದೆಗಳ ಲೆಕ್ಕ ಒಪ್ಪಿಸುವ ಒತ್ತಡವಿತ್ತೋ, ಆ ಹುಡುಗನನ್ನು ನಾನು ದೂರುವುದಿಲ್ಲ. ದೂರುವುದು ಆ ವೇಳಾಪಟ್ಟಿ ಮಾಡಿದವರನ್ನು. ನಾಲೆಯ ನೀರು ಯಾವಾಗ ಬರುತ್ತದೆ ಎಂಬುದು ರೈತನ ಕೈಯಲ್ಲಿಲ್ಲ ಎನ್ನುವುದನ್ನು ತಿಳಿಯದೆ ಮಂಡ್ಯ ಜಿಲ್ಲೆಯಲ್ಲಿ ಭತ್ತದ ವ್ಯವಹಾರಕ್ಕೆ ಇಳಿಯಬಾರದು. ನೀರು ಬಂದಾಗ ತೂಬು ಮುಚ್ಚಿ ಬೇಡ ಎಂದರೆ ಮುಂದಿನ ಕಟ್ಟಿನಲ್ಲಿ ಸಿಗುತ್ತದೆ ಎಂಬ ಖಾತ್ರಿಯನ್ನು ನೀರುಗಂಟಿಯೂ ಕೊಡಲಾರ. ಕೊನೆ ಭಾಗದವನು ಸಿಕ್ಕಿದಾಗ ತುಂಬಿಕೊಳ್ಳುತ್ತಾನೆ, ಹೊಟ್ಟೆಪಾಡು ಅದು.

ಲೆಕ್ಕ ಸರಿಯಿಲ್ಲದಿದ್ದರೆ ಏನಾಗುತ್ತದೆ ಎನ್ನುವುದು ದೂರದ ಮಾತೇನಲ್ಲ. ಕಾರ್ಬನ್ ಕ್ರೆಡಿಟ್‌ಗಳನ್ನು ನೋಂದಾಯಿಸುವ ದೊಡ್ಡ ಸಂಸ್ಥೆ ವೆರಾ, ಭತ್ತದ ಯೋಜನೆಗಳು ಬಳಸುತ್ತಿದ್ದ ಹಳೆಯ ಲೆಕ್ಕದ ವಿಧಾನವನ್ನು 2023ರಲ್ಲಿ ನಿಲ್ಲಿಸಿತು. 2024ರ ಆಗಸ್ಟ್‌ನಲ್ಲಿ ಚೀನಾದ 37 ಭತ್ತದ ಯೋಜನೆಗಳನ್ನು ತಿರಸ್ಕರಿಸಿತು. 2025ರಲ್ಲಿ ಹೊಸ, ಬಿಗಿಯಾದ ವಿಧಾನ ತಂದಿತು. ಒಂದು ಜಿಲ್ಲೆಯಲ್ಲಿ ಫೋಟೋಗಳು ಸುಳ್ಳು ಎಂದು ಗೊತ್ತಾದರೆ, ನಿಯತ್ತಾಗಿ ಆರಿಸಿದವನ ಕ್ರೆಡಿಟ್ಟೂ ಅದರ ಜೊತೆಗೇ ಹೋಗುತ್ತದೆ.

ದುಡ್ಡು? ಬಂತು, ತಡವಾಗಿ, ಬಾಯಲ್ಲಿ ಹೇಳಿದ್ದಕ್ಕಿಂತ ಕಡಿಮೆ. ಯಾಕೆ ಕಡಿಮೆ ಎಂದು ಲೆಕ್ಕದ ಚೀಟಿ ಕೇಳಿದೆ, ಕೊಡಲಿಲ್ಲ. ಹಾಗಾಗಿ ಮಗಳೂ ನಾನೂ ಕುಳಿತು ಐಪಿಸಿಸಿಯ ಅಂಕಿಗಳಿಂದ ಲೆಕ್ಕ ಹಾಕಿದೆವು. ನಿಮಗೂ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತೇನೆ. ದಕ್ಷಿಣ ಏಷ್ಯಾದಲ್ಲಿ ಸದಾ ನೀರು ನಿಂತ ಗದ್ದೆಗೆ ಅವರು ಕೊಡುವ ಸರಾಸರಿ ದಿನಕ್ಕೆ ಹೆಕ್ಟೇರಿಗೆ 0.85 ಕಿಲೋ ಮೀಥೇನ್, ಬೆಳೆಯ ಅವಧಿ 112 ದಿನ. ಎಕರೆಗೆ ಇಳಿಸಿದರೆ ಒಂದು ಬೆಳೆಗೆ 38 ಕಿಲೋ ಆಸುಪಾಸು. ಹಲವು ಸಲ ಆರಿಸಿದರೆ ಅದರಲ್ಲಿ ನೂರಕ್ಕೆ 45 ಭಾಗ, ಅಂದರೆ ಸುಮಾರು 17 ಕಿಲೋ ಕಡಿಮೆಯಾಗುತ್ತದೆ. 27ರಿಂದ ಗುಣಿಸಿದರೆ ಇಂಗಾಲದ ಡೈಆಕ್ಸೈಡಿನ ಲೆಕ್ಕದಲ್ಲಿ ಅರ್ಧ ಟನ್ನಿಗೂ ಸ್ವಲ್ಪ ಕಡಿಮೆ. ಒಂದು ಕ್ರೆಡಿಟ್ ಎಂದರೆ ಒಂದು ಟನ್. ಎರಡು ಎಕರೆಯಲ್ಲಿ ಒಂದು ಬೆಳೆ ನಿಯಮದಂತೆ ಬೆಳೆದರೆ ಹತ್ತಿರ ಹತ್ತಿರ ಒಂದು ಕ್ರೆಡಿಟ್. ಅದರಲ್ಲಿ ಪರಿಶೀಲನೆಯ ಖರ್ಚು, ಕಂಪನಿಯ ಪಾಲು ಹೋಗಿ ಉಳಿದದ್ದು ರೈತನಿಗೆ. ನಿಮ್ಮ ಮನೆ ಬಾಗಿಲಿಗೆ ಬಂದವರು ಎಕರೆಗೆ ಸಾವಿರಾರು ರೂಪಾಯಿ ಎಂದರೆ ಈ ಲೆಕ್ಕವನ್ನು ಅವರ ಮುಂದಿಟ್ಟು ಹೇಗೆ ಎಂದು ಕೇಳಿ.

ಸೇವೆಯ ಇನ್ನೊಂದು ಕೊರತೆ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅವರು ಹುಲ್ಲಿನ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಮೀಥೇನಿಗೆ ಆಹಾರವೇ ಗದ್ದೆಯೊಳಗೆ ಕೊಳೆಯುವ ಹುಲ್ಲು ಮತ್ತು ಕೂಳೆ. ಯಂತ್ರದಲ್ಲಿ ಕೊಯ್ದ ಮೇಲೆ ಮೊಳಕಾಲುದ್ದ ಕೂಳೆ ಉಳಿಯುತ್ತದೆ. ನೀರು ಬಿಟ್ಟರೆಂದು ಅವಸರದಲ್ಲಿ ಅದನ್ನು ಹಾಗೆಯೇ ಕೆಸರಿಗೆ ಉತ್ತು, ವಾರದಲ್ಲಿ ನಾಟಿ ಮಾಡುವುದು ಎಲ್ಲ ಕಡೆ ನಡೆಯುತ್ತದೆ. ಐಪಿಸಿಸಿಯ ಪಟ್ಟಿ ಇದಕ್ಕೂ ಗುಣಕ ಕೊಡುತ್ತದೆ: ನಾಟಿಗೆ 30 ದಿನದೊಳಗೆ ಹುಲ್ಲನ್ನು ಉತ್ತರೆ 1, ಅದಕ್ಕಿಂತ ಮೊದಲೇ ಉತ್ತು ಒಣಮಣ್ಣಿನಲ್ಲಿ ಕರಗಲು ಬಿಟ್ಟರೆ 0.19. ಅದೇ ಹುಲ್ಲು, ಅದೇ ಗದ್ದೆ, ಉಳುವ ದಿನ ಮಾತ್ರ ಬೇರೆ. ಪೈಪು, ಆ್ಯಪು, ಫೋಟೋ ಯಾವುದೂ ಬೇಡದ ಕೆಲಸ ಇದು. ಮುಂಗಾರು ಕೊಯ್ಲಾದ ಕೂಡಲೇ, ಮಣ್ಣಿನಲ್ಲಿ ಹದ ಇರುವಾಗಲೇ ಒಂದು ಸಾಲು ಉತ್ತುಬಿಡಿ ಎಂದು ಹೇಳುವುದಕ್ಕೆ ಎಷ್ಟು ಹೊತ್ತು ಬೇಕು?

ನಮ್ಮ ಮನೆಯಲ್ಲಿ ದನ ಇರುವುದರಿಂದ ಹುಲ್ಲನ್ನು ಬುಡಮಟ್ಟ ಕೊಯ್ದು ಮೆದೆ ಹಾಕುತ್ತೇವೆ. ಅದು ಕೊಟ್ಟಿಗೆಯಿಂದ ತಿಪ್ಪೆಗೆ ಹೋಗಿ, ಚೆನ್ನಾಗಿ ಕಳಿತು ಗೊಬ್ಬರವಾಗಿ ಗದ್ದೆಗೆ ಬರುತ್ತದೆ. ಕಳಿತ ಗೊಬ್ಬರ ಹಸಿ ಹುಲ್ಲಿನ ಒಂದು ಸಣ್ಣ ಪಾಲಿನಷ್ಟೇ ಮೀಥೇನ್ ಕೊಡುತ್ತದೆ. ಹಸಿರೆಲೆ ಗೊಬ್ಬರ ಹಸಿಯಾಗಿಯೇ ಕೆಸರಿಗೆ ಸೇರುವುದರಿಂದ ಅದರ ಪಾಲು ಹೆಚ್ಚು. ಹಾಗೆಂದು ಡಯಾಂಚ, ಅಪ್ಸೆಣಬು ಬಿತ್ತುವುದನ್ನು ಬಿಡಿ ಎಂದು ನಾನು ಯಾರಿಗೂ ಹೇಳಲಾರೆ, ನಮ್ಮ ಮಣ್ಣಿಗೆ ಅದು ಬೇಕು. ಅದನ್ನು ಉತ್ತ ಗದ್ದೆಯಲ್ಲಿ ಬೆಳೆಯ ನಡುವೆ ಆರಿಸುವ ಕೆಲಸವನ್ನು ತಪ್ಪಿಸಬಾರದು, ಅಷ್ಟೇ. ಹುಲ್ಲಿಗೆ ಬೆಂಕಿ ಹಚ್ಚುವವರಿದ್ದಾರೆ. ಮೀಥೇನ್ ತಪ್ಪಿಸಲು ಅದು ದಾರಿಯಲ್ಲ. ಹೊಗೆಯ ಜೊತೆ ಗದ್ದೆಯ ಸತ್ವವೂ ಸುಟ್ಟುಹೋಗುತ್ತದೆ.

ಈ ಪೈಪು ಎಲ್ಲರಿಗೂ ಅಲ್ಲ ಎಂಬುದನ್ನೂ ಹೇಳಬೇಕು. ಕೊಳವೆಬಾವಿ ಇರುವವರಿಗೆ, ನಾಲೆಯ ಮೇಲ್ಭಾಗದಲ್ಲಿ ಬೇಕೆಂದಾಗ ನೀರು ಸಿಗುವವರಿಗೆ ಹೇಳಿ ಮಾಡಿಸಿದ್ದು. ಮಲೆನಾಡಿನ ಕಣಿವೆ ಗದ್ದೆಗಳಲ್ಲಿ ಆಷಾಢ ಶ್ರಾವಣದ ಮಳೆಗೆ ಗದ್ದೆ ಆರಿಸುತ್ತೇನೆಂದರೆ ಆಗುವ ಮಾತಲ್ಲ. ಕರಾವಳಿಯ ಎತ್ತರದ ಬೆಟ್ಟು ಗದ್ದೆ ಮಳೆ ಬಿಟ್ಟಾಗ ತಾನೇ ಆರುತ್ತದೆ, ತಗ್ಗಿನ ಬೈಲು ಗದ್ದೆ ಆರುವುದೇ ಇಲ್ಲ. ಚೌಳು ಮಣ್ಣಿನವರು ಎಚ್ಚರ: ನೀರು ಇಳಿದಾಗ ಉಪ್ಪು ಮೇಲೇರುತ್ತದೆ, ಪೈರು ಕೆಂಪಾಗುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ, ರಾಯಚೂರು ಸಿಂಧನೂರಿನ ಕಡೆ, ಒಣಮಣ್ಣಿನಲ್ಲೇ ಭತ್ತವನ್ನು ಕೂರಿಗೆಯಲ್ಲಿ ಬಿತ್ತುವವರಿದ್ದಾರೆ. ಕೆಸರು ಮಾಡುವುದೇ ಇಲ್ಲ, ಮೊದಲ ಕೆಲವು ವಾರ ನೀರು ನಿಲ್ಲುವುದೂ ಇಲ್ಲ. ಮೀಥೇನಿನ ಲೆಕ್ಕದಲ್ಲಿ ಅವರು ನಮಗಿಂತ ಮುಂದಿದ್ದಾರೆ. ಕಳೆಯ ಕಾಟ ಮಾತ್ರ ನಮಗಿಂತ ಹೆಚ್ಚು ಅನುಭವಿಸುತ್ತಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಜಿಕೆವಿಕೆಯವರು ಏರೋಬಿಕ್ ಭತ್ತ ಎಂದು ಎಂಎಎಸ್ 946-1 ತಳಿ ತಂದದ್ದೂ ನೀರು ನಿಲ್ಲಿಸದೆ ರಾಗಿಯಂತೆ ಬೆಳೆಯಲೆಂದೇ.

ಊರಿನಲ್ಲಿ ಇದರ ಮಾತು ಬಂದಾಗ ಹಿರಿಯರೊಬ್ಬರು ಕೇಳಿದರು: ಕಾರು, ವಿಮಾನ, ಕಾರ್ಖಾನೆ ಎಲ್ಲಾ ಬಿಟ್ಟು ಅನ್ನ ಬೆಳೆಯುವವನ ಮೇಲೆ ಯಾಕೆ ಬಂದರು? ಈ ಪ್ರಶ್ನೆ ಹಗುರವಾದದ್ದಲ್ಲ. ಅಮೆರಿಕದ ಪರಿಸರ ಸಂಸ್ಥೆಯ ಅಂದಾಜೊಂದು ಭಾರತದ ಭತ್ತದ ಗದ್ದೆಗಳಿಂದ ವರ್ಷಕ್ಕೆ 3.78 ಕೋಟಿ ಟನ್ ಮೀಥೇನ್ ಹೊರಡುತ್ತದೆ ಎಂದು ಹೇಳಿತ್ತು. 1991ರಲ್ಲಿ ಎ. ಪಿ. ಮಿತ್ರ ಅವರ ನೇತೃತ್ವದಲ್ಲಿ ನಮ್ಮ ವಿಜ್ಞಾನಿಗಳು ಗದ್ದೆಗಳಿಗೇ ಇಳಿದು, ಪೈರಿನ ಮೇಲೆ ಮುಚ್ಚಿದ ಪೆಟ್ಟಿಗೆ ಇಟ್ಟು, ಸಿರಿಂಜಿನಲ್ಲಿ ಗಾಳಿ ಎಳೆದು ಅಳೆದರು. ಬಂದ ಉತ್ತರ 40 ಲಕ್ಷ ಟನ್ ಸುಮಾರು, ಅಂದಾಜಿನ ಹತ್ತರಲ್ಲಿ ಒಂದು ಪಾಲು. ದೂರದಲ್ಲಿ ಕುಳಿತು ಹಾಕಿದ ಲೆಕ್ಕವನ್ನು ಗದ್ದೆಯಲ್ಲಿ ನಿಂತು ಅಳೆದವರು ತಿದ್ದಿದರು. ಹಾಗೆಂದು 40 ಲಕ್ಷ ಟನ್ ಕಡಿಮೆಯೇನಲ್ಲ. ಹೊಟ್ಟೆಗಾಗಿ ಬೆಳೆಯುವವನ ಮೇಲೆ ತಪ್ಪು ಹೊರಿಸುವುದು ನನಗೆ ಒಪ್ಪಿಗೆಯಿಲ್ಲ. ಆದರೆ ನನ್ನ ಪೈರಿಗೂ ಒಳ್ಳೆಯದು, ಕೊಳವೆಬಾವಿಗೂ ಒಳ್ಳೆಯದು ಎನ್ನುವ ಕೆಲಸವನ್ನು ಯಾರೋ ದೂರದವರು ಹೇಳಿದರು ಎಂಬ ಕಾರಣಕ್ಕೆ ಬಿಡುವುದೂ ಒಪ್ಪಿಗೆಯಿಲ್ಲ.

ಪೈಪಿಗೆ ಐದಕ್ಕೆ ಐದು ಕೊಡುತ್ತೇನೆ. ಇದಕ್ಕಾಗಿ ಯಾರಿಗೂ ಸಹಿ ಹಾಕಬೇಕಾಗಿಲ್ಲ. ಮನೆ ಕಟ್ಟಿದವರ ಹಿತ್ತಿಲಲ್ಲಿ ಉಳಿದ ನಾಲ್ಕಿಂಚಿನ ಪೈಪಿನ ತುಂಡು ಬಿದ್ದಿರುತ್ತದೆ. ಒಂದಡಿಗೆ ಕೊಯ್ದು, ಕೆಳಗಿನ ಎಂಟು ಇಂಚಿಗೆ ಎರಡು ಸೆಂಟಿಮೀಟರಿಗೊಂದರಂತೆ ಅರ್ಧ ಸೆಂಟಿಮೀಟರ್ ತೂತು ಹಾಕಿಸಿ. ಹೊಸದು ಕೊಂಡರೂ ಒಂದೆರಡು ಕಿಲೋ ಅಕ್ಕಿಯ ದುಡ್ಡಿನಲ್ಲಿ ಆಗುತ್ತದೆ. ಒಳಗಡೆ ಮಣ್ಣಿನ ಮಟ್ಟದಿಂದ ಆರಿಂಚು ಕೆಳಗೆ ಕೆಂಪು ಬಣ್ಣದಲ್ಲಿ ಗೆರೆ ಎಳೆದರೆ ಕಡ್ಡಿಯೂ ಬೇಡ, ಪೈಪಿನ ಬಳಿ ಬಗ್ಗಿ ನೋಡಿದರೆ ಸಾಕು. ಕೊಯ್ಲಿಗೆ ಮೊದಲು ಮರೆಯದೆ ಕಿತ್ತಿಡಿ, ಯಂತ್ರಕ್ಕೆ ಸಿಕ್ಕಿದರೆ ಪುಡಿ.

ಸೇವೆಗೆ ಐದಕ್ಕೆ ಎರಡೂವರೆ. ಪೈಪನ್ನು ನಮ್ಮೂರಿಗೆ ಮೊದಲು ತಂದವರು ಅವರೇ ಎಂಬ ಋಣಕ್ಕಾಗಿ ಅಷ್ಟು. ಒಪ್ಪಂದದ ಪೂರ್ತಿ ಪಠ್ಯ ಕನ್ನಡದಲ್ಲಿ ಬೇಕು, ನಮ್ಮ ಸರ್ವೆ ನಂಬರಿಗೆ ಎಷ್ಟು ಕ್ರೆಡಿಟ್ ಹುಟ್ಟಿತು, ಎಷ್ಟಕ್ಕೆ ಮಾರಾಟವಾಯಿತು ಎಂಬ ಚೀಟಿ ಬೇಕು, ನಾಲೆಯ ಸರದಿಗೆ ಹೊಂದುವ ವೇಳಾಪಟ್ಟಿ ಬೇಕು ಎಂದು ಅವರ ಕಚೇರಿಗೆ ಕಾಗದ ಬರೆದಿದ್ದೇನೆ. ನಾಲೆ ತುಂಡನ್ನು ಒಪ್ಪಂದದಿಂದ ಬಿಡಿಸಿ, ಕೊಳವೆಬಾವಿ ತುಂಡನ್ನು ಮಾತ್ರ ಇಟ್ಟುಕೊಳ್ಳಿ ಎಂದೂ ಕೇಳಿದ್ದೇನೆ. ಉತ್ತರ ಬಂದರೆ ಇಲ್ಲಿಯೇ ಸೇರಿಸುತ್ತೇನೆ, ಅಂಕ ಬದಲಾಗುವಂತಿದ್ದರೆ ಬದಲಾಯಿಸುತ್ತೇನೆ.